ಈಗ ನಿಮ್ಮ ಹಲ್ಲು ಒಂದಕ್ಕೊಂದು ತಾಗ್ತಿದ್ಯಾ?

ಓದ್ತಾ ಓದ್ತಾನೇ ಒಂದ್ಸಲ ಗಮನಿಸಿ ನೋಡಿ. ತಾಗ್ತಿದ್ರೆ ಈ ಪೋಸ್ಟ್ ನಿಮಗೇ ಬರೆದಿದ್ದು. ಊಟ ಮಾಡುವಾಗ, ಎಂಜಲು ನುಂಗುವಾಗ ಬಿಟ್ರೆ ಮಿಕ್ಕ ಹೊತ್ತೆಲ್ಲ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಮಧ್ಯೆ 2ರಿಂದ 4 ಮಿಲಿಮೀಟರ್ ಜಾಗ ಇರಬೇಕು. ನಂಗಿದು ಗೊತ್ತಾಗಿದ್ದು ಡೆಂಟಿಸ್ಟ್ ಕೈಗೆ ಕನ್ನಡಿ ಕೊಟ್ಟು ಕೆನ್ನೆ ಒಳಗಡೆ ತೋರಿಸಿದಾಗ: ಹಲ್ಲು ಸೇರೋ ಮಟ್ಟಕ್ಕೆ ಉದ್ದಕ್ಕೂ ಒಂದು ಬಿಳಿ ಗೆರೆ, ನಾಲಿಗೆ ಅಂಚಲ್ಲಿ ಹಲ್ಲಿನ ಅಚ್ಚು, ಕೋರೆಹಲ್ಲಿನ ತುದಿ ಸವೆದು ಚಪ್ಪಟೆ. ಬೆಳಿಗ್ಗೆ ಎದ್ದ ತಕ್ಷಣ ಕಣತಲೆ ಹತ್ರ ಹಿಡಿದುಕೊಳ್ತಿದ್ದ ನೋವಿಗೂ ಬಹುಶಃ ಹೀಗೆ ಹಲ್ಲು ಕಚ್ಚಿ ಹಿಡಿಯೋದು, ಕಡಿಯೋದೇ ಕಾರಣ ಅಂದ್ರು.

ನಿದ್ದೇಲಿ ಹಲ್ಲು ಕಡಿಯೋದು ನಮ್ಮ ಕೈಲಿಲ್ಲ. ನಿದ್ದೆ ಕ್ಷಣಕಾಲ ತಿಳಿಯಾಗತ್ತೆ, ಎದೆಬಡಿತ ಸ್ವಲ್ಪ ಜೋರಾಗತ್ತೆ, ಅದರ ಹಿಂದೇನೇ ದವಡೆ ಸ್ನಾಯು ಬಿಗಿಯೋಕೆ ಶುರು. ಮೊದಲೆಲ್ಲ ಹಲ್ಲು ಸರಿಯಾಗಿ ಕೂರದೇ ಇರೋದೇ ಕಾರಣ ಅಂತಿದ್ರು, ಈಗ ಹಾಗೆ ಹೇಳಲ್ಲ, ಹಾಗಾಗಿ ಇದೊಂದಕ್ಕೇ ಅಂತ ಯಾರಾದ್ರೂ ಒಳ್ಳೆ ಹಲ್ಲನ್ನ ಉಜ್ಜಿ ಲೆವೆಲ್ ಮಾಡ್ತೀನಿ ಅಂದ್ರೆ ದಯವಿಟ್ಟು ಇನ್ನೊಬ್ಬ ಡಾಕ್ಟರನ್ನ ಕೇಳಿ, ಯಾಕಂದ್ರೆ ಹೋದ ಎನಾಮೆಲ್ (ಹಲ್ಲಿನ ಗಟ್ಟಿ ಮೇಲ್ಪದರ) ವಾಪಸ್ ಬೆಳೆಯಲ್ಲ. ಟೆನ್ಶನ್, ಕಾಫಿ, ಸಿಗರೇಟು, ಕುಡಿತ ಇವೆಲ್ಲ ಇದನ್ನ ಜಾಸ್ತಿ ಮಾಡ್ತವೆ. ಡಿಪ್ರೆಶನ್‌ಗೆ ಕೊಡೋ ಫ್ಲುವೊಕ್ಸೆಟಿನ್, ಸರ್ಟ್ರಲಿನ್ ಥರದ ಮಾತ್ರೆಯಿಂದಲೂ ಕೆಲವರಿಗೆ ಶುರುವಾಗತ್ತೆ, ಹಾಗಂತ ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರಿಗೆ ಹೇಳಿ. ಜೋರು ಗೊರಕೆ, ಹಗಲಲ್ಲೂ ತೂಕಡಿಕೆ ಇದ್ರೆ ಸ್ಲೀಪ್ ಅಪ್ನಿಯಾ (ನಿದ್ದೇಲಿ ಆಗಾಗ ಉಸಿರು ನಿಲ್ಲೋದು) ಇದ್ಯಾ ಅಂತ ಮೊದ್ಲು ಟೆಸ್ಟ್ ಮಾಡಿಸಿ.

ರಾತ್ರಿ ಹಲ್ಲಿನ ಮೇಲೆ ಹಾಕ್ಕೊಳ್ಳೋ ಕವಚ, ಅಂದ್ರೆ ನೈಟ್ ಗಾರ್ಡ್ ಹಾಕಿದ್ರೆ ಕಡಿಯೋದು ನಿಂತೇಹೋಗತ್ತೆ ಅಂದ್ಕೊಂಡಿರೋರು ತುಂಬಾ ಜನ. ನಿಲ್ಲಲ್ಲ, ಹಲ್ಲಿನ ಬದಲು ಗಾರ್ಡ್ ಸವೆಯತ್ತೆ, ಅಷ್ಟೇ. ಆದ್ರೂ ಅದೇ ದೊಡ್ಡ ಲಾಭ, ಅಳತೆ ಕೊಟ್ಟು ಮಾಡಿಸಿದ್ದನ್ನೇ ಹಾಕಿ.

ನಮ್ಮ ಕೈಲಿರೋದು ಹಗಲು. ಮೇಲ್ ಟೈಪ್ ಮಾಡುವಾಗ, ಡ್ರೈವಿಂಗಲ್ಲಿ, ಭಾರ ಎತ್ತುವಾಗ ಗೊತ್ತೇ ಆಗದ ಹಾಗೆ ಅವುಡುಗಚ್ಚಿರ್ತೀವಿ. ಮಾನಿಟರ್ ಮೂಲೇಲಿ ಒಂದು ಬಣ್ಣದ ಚುಕ್ಕೆ ಅಂಟಿಸಿ, ಕಣ್ಣಿಗೆ ಬಿದ್ದಾಗೆಲ್ಲ 'ಲ' ಅನ್ನೋಕೆ ಹೋದ ಹಾಗೆ ನಾಲಿಗೆ ತುದೀನ ಮೇಲಿನ ಹಲ್ಲಿನ ಹಿಂದೆ ಅಂಗುಳಕ್ಕೆ ಇಟ್ಟು, ತುಟಿ ಮುಚ್ಚಿ, ಹಲ್ಲು ಬಿಡಿಸಿ, ಭುಜ ಇಳಿಸಿ. ಮೊದಮೊದಲು ಮತ್ತೆ ಮತ್ತೆ ಬಿಗಿಯತ್ತೆ, ಬೇಜಾರಾಗಬೇಡಿ, ಗಮನಿಸಿದ್ರೆ ಸಾಕು, ನಿಧಾನಕ್ಕೆ ಬಿಡತ್ತೆ. ಸಂಜೆ ಬಿಸಿನೀರಿನ ಬಟ್ಟೆ ಒತ್ತಿ ಕೆನ್ನೆ ಸ್ನಾಯು ಮೆತ್ತಗೆ ತಿಕ್ಕಿದ್ರೆ ಹಾಯನ್ನಿಸತ್ತೆ. ದವಡೆ ಸ್ನಾಯು ಸಡಿಲ ಮಾಡೋ ಬೊಟಾಕ್ಸ್ ಇಂಜೆಕ್ಷನ್ನೂ ಇದೆ, ಆದ್ರೆ ಪರಿಣಾಮ ಇರೋದು 3–4 ತಿಂಗಳು, ಬೇರೆ ಯಾವುದೂ ಕೆಲಸ ಮಾಡದಿದ್ರೆ ಮಾತ್ರ ಆ ಯೋಚನೆ ಅಂತ ನನ್ನ ಅಭಿಪ್ರಾಯ.

ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಬರೋ ಹಾಗೆ ಜೋಡಿಸಿ ಬಾಯೊಳಗೆ ಇಡೋಕೆ ಆಗ್ತಿಲ್ಲ, ಇಲ್ಲಾ ಕಿವಿ ಮುಂದೆ ದವಡೆ ಸಿಕ್ಕಿಕೊಂಡು ನೋಯ್ತಿದೆ ಅಂದ್ರೆ ಇದ್ಯಾವುದಕ್ಕೂ ಕಾಯಬೇಡಿ, ಈ ವಾರಾನೇ ತೋರಿಸಿ.