ನೇಪಲ್ಸ್ ಬಂದರಿನಲ್ಲಿ ಒಂದು ಹಗಲು: ಹಡಗಿಳಿದು ಪಾಂಪೆ ನೋಡಿ ಹೊತ್ತಿಗೆ ಸರಿಯಾಗಿ ಮರಳುವುದು

ಮೆಡಿಟರೇನಿಯನ್ ಕ್ರೂಸ್‌ನ ಪಟ್ಟಿಯಲ್ಲಿ ‘ರೋಮ್’ ಎಂದು ಬರೆದಿದ್ದರೆ ಹಡಗು ನಿಲ್ಲುವುದು ಚಿವಿತಾವೆಕ್ಯಾದಲ್ಲಿ. ಅಲ್ಲಿಂದ ರೋಮ್ ಒಳಗೆ ಹೋಗಲು ರೈಲಿನಲ್ಲಿ ಗಂಟೆ ಹಿಡಿಯುತ್ತದೆ. ‘ಫ್ಲಾರೆನ್ಸ್’ ಎಂದಿದ್ದರೆ ಲಿವೋರ್ನೊ, ಅದು ಇನ್ನೂ ದೂರ. ನೇಪಲ್ಸ್‌ನಲ್ಲಿ ಈ ತಾಪತ್ರಯ ಇಲ್ಲ. ಹಡಗು ಬಂದು ತಗಲುವ ಸ್ಟಾಜಿಯೋನೆ ಮಾರಿತ್ತಿಮಾ ಎಂಬ ಟರ್ಮಿನಲ್ ಊರಿನ ಎದುರಿಗೇ ಇದೆ. ಗೇಟು ದಾಟಿ ರಸ್ತೆ ಆಚೆ ಹೋದರೆ ಪಿಯಾತ್ಸಾ ಮುನಿಚಿಪಿಯೊ, ಎಡಕ್ಕೆ ಐದು ದುಂಡು ಗೋಪುರಗಳ ಕಾಸ್ತೆಲ್ ನುವೊವೊ ಕೋಟೆ, ಎದುರಿಗೆ ಮೆಟ್ರೊ. ನಿಧಾನಕ್ಕೆ ನಡೆದರೂ ಹತ್ತು ನಿಮಿಷ ಸಾಕು. ಹಾಗಾಗಿ ಇಲ್ಲಿ ಹಡಗಿನವರು ಮಾರುವ ಬಸ್ ಪ್ರವಾಸ ಬಹಳ ಮಂದಿಗೆ ಬೇಕಾಗುವುದಿಲ್ಲ. ಆದರೆ ಊರು ಹತ್ತಿರ ಎಂಬ ಧೈರ್ಯದಲ್ಲಿ ವಾಪಸಾಗುವ ಹೊತ್ತಿನ ಲೆಕ್ಕ ತಪ್ಪಿಸಿಕೊಳ್ಳುವವರೂ ಈ ಬಂದರಿನಲ್ಲೇ ಇರುತ್ತಾರೆ.

ಆದ್ದರಿಂದ ಲೆಕ್ಕವನ್ನು ಸಂಜೆಯಿಂದ ಶುರುಮಾಡಿ ಬೆಳಗ್ಗೆಗೆ ಬನ್ನಿ. ಹಡಗು ಹೊರಡುವ ಸಮಯ ಬೇರೆ, ಎಲ್ಲರೂ ಹತ್ತಿರಬೇಕಾದ ಸಮಯ ಬೇರೆ. ಎರಡನೆಯದು ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲಿರುತ್ತದೆ, ಹಿಂದಿನ ರಾತ್ರಿ ಕ್ಯಾಬಿನ್‌ಗೆ ಬರುವ ದಿನಚರಿಯ ಹಾಳೆಯಲ್ಲಿ ಅಚ್ಚಾಗಿರುತ್ತದೆ. ಹಡಗು ಸಂಜೆ ಆರಕ್ಕೆ ಹೊರಡುವುದಾದರೆ ಐದೂವರೆಗೆ ನೀವು ಒಳಗಿರಬೇಕು ಎಂದಿಟ್ಟುಕೊಳ್ಳೋಣ. ಮೂರೂವರೆಗೆ ನೇಪಲ್ಸ್ ಊರೊಳಗೆ ಇರಬೇಕು, ಎರಡೂವರೆ ಒಳಗೆ ಪಾಂಪೆಯ (ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಹೂತುಹೋದ ಹಳೆಯ ರೋಮನ್ ಊರು) ಪ್ಲಾಟ್‌ಫಾರ್ಮ್ ಮೇಲೆ ನಿಂತಿರಬೇಕು. ಈ ಎರಡು ಗಡುವುಗಳನ್ನು ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಆ ಫೋನು ಹಡಗಿನಲ್ಲಿರುವಷ್ಟೂ ಹೊತ್ತು ಫ್ಲೈಟ್ ಮೋಡ್‌ನಲ್ಲಿರಲಿ. ನಡುಗಡಲಿನಲ್ಲಿ ಅದು ಹಡಗಿನ ಉಪಗ್ರಹ ಜಾಲ ಹಿಡಿದರೆ ನಮ್ಮ ರೋಮಿಂಗ್ ಪ್ಯಾಕ್‌ಗಳು ಬಹುಪಾಲು ಅದಕ್ಕೆ ಅನ್ವಯಿಸುವುದಿಲ್ಲ, ಬಿಲ್ಲು ನೋಡಿ ಎದೆ ಒಡೆಯುತ್ತದೆ. ನೆಲ ಮುಟ್ಟಿದ ಮೇಲೆ ತೆಗೆಯಿರಿ. ಊರಿನ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ.

ಬೆಳಗ್ಗೆ ಏಳಕ್ಕೆ ಹಡಗು ಬಂದರೂ ಬಂದರಿನವರ ಅನುಮತಿ ಸಿಕ್ಕಿ ಏಣಿ ಇಳಿಸಲು ಮುಕ್ಕಾಲು ಗಂಟೆಯಾದರೂ ಬೇಕು. ಹಡಗಿನ ಪ್ರವಾಸ ಕೊಂಡವರನ್ನು ಮೊದಲು ಬಿಡುವುದೂ ಉಂಟು. ಟರ್ಮಿನಲ್ ಬಾಗಿಲಲ್ಲಿ ‘ಪಾಂಪೆ, ಪಾಂಪೆ’ ಎಂದು ಕೂಗುವವರ ಸಾಲು ಇರುತ್ತದೆ, ಅವರನ್ನು ದಾಟಿಕೊಂಡು ನೇರ ಮುನಿಚಿಪಿಯೊ ಮೆಟ್ರೊಗೆ ನಡೆಯಿರಿ. 2015ರಲ್ಲಿ ತೆರೆದ ಈ ನಿಲ್ದಾಣಕ್ಕಾಗಿ ಅಗೆಯುವಾಗ ಹಳೆಯ ರೋಮನ್ ಬಂದರು ಸಿಕ್ಕಿತು, ಕೆಸರಿನಲ್ಲಿ ಹೂತಿದ್ದ ರೋಮನ್ ಕಾಲದ ಹಡಗುಗಳ ಸಮೇತ. ಕಾಮಗಾರಿ ವರ್ಷಗಟ್ಟಲೆ ಎಳೆದದ್ದಕ್ಕೆ ಇದೂ ಒಂದು ಕಾರಣ.

ಲೈನ್ 1ರಲ್ಲಿ ಗರಿಬಾಲ್ಡಿ ಕಡೆಯ ಗಾಡಿ ಹಿಡಿಯಿರಿ. ಉನಿವರ್ಸಿತಾ, ದುವೊಮೊ, ಗರಿಬಾಲ್ಡಿ, ಮೂರೇ ಸ್ಟಾಪು. ಪಿಶಿನೋಲಾ ಎಂದು ಬರೆದ ಕಡೆಗೆ ಇಳಿದರೆ ಬೆಟ್ಟ ಹತ್ತುತ್ತೀರಿ. ಟಿಕೆಟ್ ಒಂದೂವರೆ ಯೂರೋ ಆಸುಪಾಸು. ಗರಿಬಾಲ್ಡಿಯಲ್ಲಿ ಇಳಿದ ಮೇಲೆ ಊರಿನ ಮುಖ್ಯ ರೈಲು ನಿಲ್ದಾಣ ನಾಪೊಲಿ ಚೆಂತ್ರಾಲೆಯ ಕೆಳಗೇ ಇರುತ್ತೀರಿ. ಮೇಲೆ ಹತ್ತಿ ದೊಡ್ಡ ಹಾಲಿಗೆ ಹೋಗಬೇಡಿ, ನಿಮಗೆ ಬೇಕಾದ ರೈಲು ಅಲ್ಲಿಲ್ಲ. ‘ಚಿರ್ಕುಮ್‌ವೆಸುವಿಯಾನಾ’ ಎಂಬ ಫಲಕದ ಬಾಣ ಹಿಡಿದು ನೆಲಮಾಳಿಗೆಯಲ್ಲೇ ನಡೆಯಿರಿ. ವೆಸೂವಿಯಸ್ ಬೆಟ್ಟದ ಸುತ್ತಲಿನ ಊರುಗಳಿಗೆ ಓಡುವ ಈ ಉಪನಗರ ರೈಲಿಗೆ ಅದರದ್ದೇ ಕೌಂಟರ್, ಅದರದ್ದೇ ಗೇಟು, ಅದರದ್ದೇ ಪ್ಲಾಟ್‌ಫಾರ್ಮ್.

ಕೌಂಟರಿನಲ್ಲಿ ‘ಪಾಂಪೇಯಿ ಸ್ಕಾವಿ’ ಎಂದು ಪೂರ್ತಿ ಹೇಳಿ. ಬರುವಾಗಿನ ಟಿಕೆಟನ್ನೂ ಇಲ್ಲೇ ಕೊಂಡುಬಿಡಿ, ಒಂದು ಕಡೆಗೆ ಮೂರು ಯೂರೋ ಚಿಲ್ಲರೆ. ಮಧ್ಯಾಹ್ನ ಪಾಂಪೆಯ ಪುಟ್ಟ ನಿಲ್ದಾಣದಲ್ಲಿ ಟಿಕೆಟ್‌ಗೆ ಸಾಲು ನಿಂತಿರುವಾಗಲೇ ಕಣ್ಣೆದುರು ರೈಲು ಹೊರಟುಹೋಗುತ್ತದೆ. ಕಾಗದದ ಟಿಕೆಟನ್ನು ಇಳಿದು ಹೊರಬರುವ ತನಕ ಬಿಸಾಡಬೇಡಿ.

ಬಹಳ ಮಂದಿ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಪಾಂಪೆ ಹೆಸರಿನ ನಿಲ್ದಾಣಗಳು ಮೂರಿವೆ. ಹತ್ತಬೇಕಾದದ್ದು ಸೊರೆಂತೊಗೆ ಹೋಗುವ ಗಾಡಿ, ಇಳಿಯಬೇಕಾದದ್ದು ‘ಪಾಂಪೇಯಿ ಸ್ಕಾವಿ – ವಿಲ್ಲಾ ದೇಯಿ ಮಿಸ್ತೇರಿ’. ಅದೇ ಚಿರ್ಕುಮ್‌ವೆಸುವಿಯಾನಾದ ಪೊಜ್ಜೊಮರೀನೊ ಗಾಡಿ ಹತ್ತಿದರೆ ‘ಪಾಂಪೇಯಿ ಸಾಂತುವಾರಿಯೊ’ದಲ್ಲಿ ಇಳಿಸುತ್ತದೆ, ಅದು ಇಂದಿನ ಪಾಂಪೆ ಪಟ್ಟಣದ ಚರ್ಚಿನ ಪಕ್ಕ. ಮೂರನೆಯದು ಸರ್ಕಾರಿ ರೈಲಿನ ಬರಿಯ ‘ಪಾಂಪೇಯಿ’, ನಾಪೊಲಿ–ಸಾಲೆರ್ನೊ ಮಾರ್ಗದಲ್ಲಿದೆ. ಇದನ್ನು ನೆನಪಿಟ್ಟುಕೊಳ್ಳಿ, ಹಿಂದಿರುಗುವಾಗ ಉಪಯೋಗಕ್ಕೆ ಬರುತ್ತದೆ. ಸೊರೆಂತೊ ಗಾಡಿ ಸಾಮಾನ್ಯವಾಗಿ ಗರಿಬಾಲ್ಡಿಯ 3ನೇ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಆದರೂ ಗಾಡಿಯ ಹಣೆಯ ಮೇಲಿನ ಹೆಸರು ಓದಿಯೇ ಹತ್ತಿ. ಹೆಚ್ಚುಕಡಿಮೆ ಅರ್ಧ ಗಂಟೆಗೊಂದು ಇದೆ, ಪ್ರಯಾಣ ಮೂವತ್ತೈದರಿಂದ ನಲವತ್ತು ನಿಮಿಷ.

ಗಾಡಿ ಹಳೆಯದು, ಬೇಸಿಗೆಯಲ್ಲಿ ಬೆವರು ಇಳಿಯುತ್ತದೆ. ನಮ್ಮ ಬಿಎಂಟಿಸಿ ಬಸ್ಸಿನಲ್ಲಿ ಬೆಳಗಿನ ಹೊತ್ತು ನಿಂತವರಿಗೆ ಇದೇನೂ ಹೊಸದಲ್ಲ. ಜೇಬುಗಳ್ಳರ ಕೈಚಳಕ ಗಾಡಿ ಓಡುವಾಗ ಕಡಿಮೆ, ನಿಲ್ದಾಣದಲ್ಲಿ ಬಾಗಿಲು ತೆರೆದಾಗ ಹೆಚ್ಚು. ನೂಕುನುಗ್ಗಲಿನಲ್ಲಿ ಎತ್ತಿ, ಬಾಗಿಲು ಮುಚ್ಚುವ ಮೊದಲು ಇಳಿದುಬಿಡುತ್ತಾರೆ. ಬ್ಯಾಗು ಎದೆಯ ಕಡೆಗಿರಲಿ, ಬಾಗಿಲ ಬಳಿ ನಿಲ್ಲಬೇಡಿ. ಕುಳಿತೇ ಹೋಗಬೇಕು ಎಂಬ ಹಿರಿಯರಿದ್ದರೆ ಗರಿಬಾಲ್ಡಿಯ ಹಿಂದಿನ ಸ್ಟಾಪಾದ ಪೋರ್ತಾ ನೊಲಾನಾಕ್ಕೆ ಹೋಗಿ ಹತ್ತಿ. ಗಾಡಿ ಹೊರಡುವುದೇ ಅಲ್ಲಿಂದ, ಸೀಟು ಸಿಗುತ್ತದೆ.

ಪಾಂಪೆ ನಿಲ್ದಾಣದ ಹೊರಗೆ ‘ಇನ್ಫರ್ಮೇಷನ್’ ಎಂಬ ಫಲಕ ಹಾಕಿಕೊಂಡ ಅಂಗಡಿಗಳು ಗೈಡ್ ಮಾರುವವರದ್ದು. ಸರ್ಕಾರಿ ಟಿಕೆಟ್ ಮನೆ ಪೋರ್ತಾ ಮರೀನಾ ಗೇಟಿನಲ್ಲಿದೆ, ನಿಲ್ದಾಣದಿಂದ ಎರಡು ನಿಮಿಷ. ಆದರೆ ಅಲ್ಲಿ ನಿಂತು ಕೊಳ್ಳುವ ಯೋಚನೆ ಬಿಡಿ. 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನರ ಮಿತಿ ಬಂದಿದೆ, ಟಿಕೆಟ್ ಮೇಲೆ ಹೆಸರೂ ಬೇಕು. ಊರಲ್ಲಿರುವಾಗಲೇ ಆನ್‌ಲೈನ್‌ನಲ್ಲಿ ಕೊಂಡು, ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹೆಸರು ತುಂಬಿ. ನಮ್ಮಲ್ಲಿ ಅಪ್ಪನ ಹೆಸರು, ಇನಿಷಿಯಲ್ಲು ಎಲ್ಲ ಕಲಸಿರುತ್ತದಲ್ಲ, ಅದಕ್ಕೇ ಹೇಳಿದ್ದು. 18 ವರ್ಷದೊಳಗಿನ ಮಕ್ಕಳಿಗೆ ಯಾವ ದೇಶದವರಾದರೂ ಪುಕ್ಕಟೆ, ವಯಸ್ಸಿಗೆ ದಾಖಲೆ ತೋರಿಸಬೇಕು. ತಿಂಗಳ ಮೊದಲ ಭಾನುವಾರ ಎಲ್ಲರಿಗೂ ಪುಕ್ಕಟೆ, ಆ ದಿನ ನಿಮ್ಮ ಹಡಗು ಬಂದರೆ ಪಾಂಪೆಯ ಆಸೆ ಬಿಡುವುದೇ ಒಳ್ಳೆಯದು. 30×30×15 ಸೆಂಟಿಮೀಟರಿಗಿಂತ ದೊಡ್ಡ ಬ್ಯಾಗು ಒಳಗೆ ಬಿಡುವುದಿಲ್ಲ.

ಪಾಂಪೆ 66 ಹೆಕ್ಟೇರ್, ಅದರಲ್ಲಿ ಮೂರನೆಯ ಎರಡು ಪಾಲು ಅಗೆದಿದ್ದಾರೆ. ಮೂರು ಗಂಟೆಯಲ್ಲಿ ಎಲ್ಲ ನೋಡುತ್ತೇನೆ ಎಂದರೆ ಆಗದು. ಪೋರ್ತಾ ಮರೀನಾದಿಂದ ಬಸಿಲಿಕಾ ಎಂಬ ನ್ಯಾಯಾಲಯದ ಕಟ್ಟಡ, ಅಲ್ಲಿಂದ ಊರಿನ ಮುಖ್ಯ ಚೌಕವಾದ ಫೋರಂ. ಜೂಪಿಟರ್ ಗುಡಿಯ ಹಿಂದೆ ವೆಸೂವಿಯಸ್ ನೆಟ್ಟಗೆ ಕಾಣುವುದು ಇಲ್ಲೇ. ನಂತರ ಫೋರಂ ಸ್ನಾನಗೃಹ, ಫಾನ್ ಮನೆ, 2023ರಲ್ಲಿ ಮತ್ತೆ ತೆರೆದ ವೆತ್ತಿಯವರ ಮನೆ, ಆಮೇಲೆ ಇಳಿಜಾರಿನಲ್ಲಿ ರಂಗಮಂದಿರಗಳ ಕಡೆಗೆ ಬಂದು ಪಿಯಾತ್ಸಾ ಎಸೆದ್ರಾ ಗೇಟಿನಿಂದ ಹೊರಗೆ. ಇಷ್ಟಕ್ಕೆ ಮೂರು ಗಂಟೆ ಸರಿಹೋಗುತ್ತದೆ. ಆಂಫಿಥಿಯೇಟರ್ ನೋಡಲು ಮೂಡಣ ತುದಿಗೆ ಹೋಗಿ ಆ ಬದಿಯ ಗೇಟಿನಿಂದ ಹೊರಬಿದ್ದವರು ನಿಲ್ದಾಣಕ್ಕೆ ಬಿಸಿಲಿನಲ್ಲಿ ಇಪ್ಪತ್ತು ನಿಮಿಷ ನಡೆಯಬೇಕು.

ಬೀದಿಯನ್ನು ಬಗ್ಗಿ ನೋಡಿ. ರಸ್ತೆಗೆ ಅಡ್ಡಲಾಗಿ ಮಂಡಿ ಎತ್ತರಕ್ಕಿಂತ ಸ್ವಲ್ಪ ಕೆಳಗೆ ಎರಡೋ ಮೂರೋ ದಪ್ಪ ಕಲ್ಲುಗಳನ್ನು ಬಿಡಿಬಿಡಿಯಾಗಿ ಇಟ್ಟಿದ್ದಾರೆ. ಜನ ಕಾಲು ಒದ್ದೆಯಾಗದಂತೆ ಅವುಗಳ ಮೇಲೆ ದಾಟುತ್ತಿದ್ದರು, ಗಾಡಿಯ ಚಕ್ರ ಅವುಗಳ ನಡುವಿನ ಸಂದಿಯಲ್ಲಿ ಹಾಯುತ್ತಿತ್ತು. ಆ ಸಂದಿಯಲ್ಲೇ ಚಕ್ರ ಸವೆಸಿದ ಗೀರು ಬೆರಳು ಮುಳುಗುವಷ್ಟು ಆಳವಾಗಿದೆ. ಇವೇ ಕಲ್ಲುಗಳು ಕಾಲು ಉಳುಕಿಸುವುದು. ಚಪ್ಪಲಿ ಬೇಡ, ಹಿಡಿತವಿರುವ ಬೂಟು ಹಾಕಿ. ಮಕ್ಕಳ ತಳ್ಳುಗಾಡಿ ಹಡಗಿನಲ್ಲೇ ಇರಲಿ. ನೆರಳು ಹೆಸರಿಗಷ್ಟೇ. ಕುಡಿಯುವ ನೀರಿನ ನಲ್ಲಿಗಳು ಅಲ್ಲಲ್ಲಿ ಇವೆ, ಖಾಲಿ ಬಾಟಲಿ ಒಯ್ದರೆ ಸಾಕು.

ಮಂಡಿನೋವಿನವರು ಜೊತೆಗಿದ್ದರೆ, ಅಥವಾ ಹಡಗು ನಿಲ್ಲುವುದು ಏಳು ಗಂಟೆಗಿಂತ ಕಡಿಮೆಯಿದ್ದರೆ, ಪಾಂಪೆಗಿಂತ ಎರ್ಕೊಲಾನೊ ವಾಸಿ. ಅದೇ ಸೊರೆಂತೊ ಗಾಡಿಯಲ್ಲಿ ಇಪ್ಪತ್ತು ನಿಮಿಷ, ‘ಎರ್ಕೊಲಾನೊ ಸ್ಕಾವಿ’ಯಲ್ಲಿ ಇಳಿದು ಸಮುದ್ರದ ಕಡೆಗೆ ನೇರ ಇಳಿಜಾರು ನಡೆದರೆ ಹತ್ತು ನಿಮಿಷಕ್ಕೆ ಗೇಟು. ಪಾಂಪೆಯನ್ನು ಮುಚ್ಚಿದ ಕ್ರಿ.ಶ. 79ರ ಅದೇ ವೆಸೂವಿಯಸ್ ಸ್ಫೋಟದಲ್ಲಿ ಹೂತ ಊರು. ಆದರೆ ಇಲ್ಲಿ ಬಿಸಿ ಬೂದಿಯ ಪ್ರವಾಹ ಆಳವಾಗಿ ಮುಚ್ಚಿದ್ದರಿಂದ ಮಹಡಿಗಳೂ ಇದ್ದಿಲಾದ ಮರದ ತೊಲೆಗಳೂ ಉಳಿದಿವೆ. ಎರಡು ಗಂಟೆಯಲ್ಲಿ ಪೂರ್ತಿ ನೋಡಬಹುದು. ನನ್ನನ್ನು ಕೇಳಿದರೆ ಚಿಕ್ಕ ಮಕ್ಕಳಿರುವವರಿಗೂ ಇದೇ. ಪಾಂಪೆಯ ಜೊತೆಗೆ ವೆಸೂವಿಯಸ್ ಬಾಯಿಯನ್ನೂ ಅದೇ ದಿನ ಸೇರಿಸಬೇಡಿ. ಅಲ್ಲಿಯ ಟಿಕೆಟ್ ಆನ್‌ಲೈನ್‌ನಲ್ಲಷ್ಟೇ ಸಿಗುತ್ತದೆ, ಬಸ್ಸು ಹೋಗಿಬರುವುದರಲ್ಲೇ ದಿನ ಮುಗಿಯುತ್ತದೆ.

ಹಿಂದಿರುಗುವ ಗಾಡಿಯ ಕಥೆ ಬೇರೆ. ಅದು ಸೊರೆಂತೊದಿಂದಲೇ ತುಂಬಿಕೊಂಡು ಬರುತ್ತದೆ. ಒಂದು ರದ್ದಾದರೆ ಮುಂದಿನದರಲ್ಲಿ ಎರಡು ಗಾಡಿಯ ಜನ. ಮುಷ್ಕರದ ದಿನ ಬೆಳಗ್ಗೆ ಸಂಜೆ ಕೆಲಸಕ್ಕೆ ಹೋಗುವವರಿಗಾಗಿ ಕೆಲವು ಗಂಟೆ ಓಡಿಸುತ್ತಾರೆ, ನಿಮಗೆ ಬೇಕಾದ ಮಧ್ಯಾಹ್ನದ ಹೊತ್ತಿಗೆ ಆ ಖಾತರಿ ಇರುವುದಿಲ್ಲ. ಮುಷ್ಕರದ ದಿನಗಳನ್ನು ಮೊದಲೇ ಘೋಷಿಸಬೇಕೆಂಬ ನಿಯಮವಿದೆ. ಹಿಂದಿನ ದಿನ ‘ಶೋಪೆರೊ’ ಎಂದು ಸುದ್ದಿಯಲ್ಲಿ ಹುಡುಕಿ ನೋಡಿ. ಪಾಂಪೆಯಲ್ಲಿ ನಿಂತಾಗ ನಲವತ್ತು ನಿಮಿಷವಾದರೂ ಗಾಡಿ ಬರದಿದ್ದರೆ ಕಾಯುತ್ತಾ ಕೂರಬೇಡಿ. ಟ್ಯಾಕ್ಸಿಯಲ್ಲಾದರೂ ಸರಿ, ಮೇಲೆ ಹೇಳಿದ ಸರ್ಕಾರಿ ‘ಪಾಂಪೇಯಿ’ ನಿಲ್ದಾಣಕ್ಕೆ ಹೋಗಿ ನಾಪೊಲಿ ಚೆಂತ್ರಾಲೆ ಗಾಡಿ ಹಿಡಿಯಿರಿ. ಅಲ್ಲಿಯ ಕಾಗದದ ಟಿಕೆಟಿಗೆ ಹತ್ತುವ ಮೊದಲು ಯಂತ್ರದಲ್ಲಿ ಮುದ್ರೆ ಹೊಡೆಸಬೇಕು, ಮರೆತರೆ ದಂಡ.

ನಾಲ್ಕು ಜನರಿದ್ದು ಟ್ಯಾಕ್ಸಿಯಲ್ಲೇ ಬಂದರಿಗೆ ಮರಳುವುದಾದರೆ ದರವನ್ನು ಹತ್ತುವ ಮೊದಲೇ ಮಾತಾಡಿ. ನೇಪಲ್ಸ್ ಊರೊಳಗಿನ ಬಿಳಿ ಟ್ಯಾಕ್ಸಿಗಳಿಗೆ ಕೆಲವು ಮಾರ್ಗಕ್ಕೆ ನಗರಪಾಲಿಕೆ ಗೊತ್ತುಮಾಡಿದ ದರವಿದೆ. ಅದು ಬೇಕೆಂದು ಹೊರಡುವ ಮೊದಲೇ ಹೇಳಬೇಕು, ಮೀಟರ್ ಓಡತೊಡಗಿದ ಮೇಲೆ ವಾದ ನಡೆಯುವುದಿಲ್ಲ.

ಪಾಂಪೆಯೇ ಬೇಡ ಎನ್ನುವವರಿಗೆ ಬಂದರಿನಿಂದ ನಡೆದೇ ದಿನ ತುಂಬುತ್ತದೆ. ಗಾಜಿನ ಗುಮ್ಮಟದ ಗಲ್ಲೇರಿಯಾ ಉಂಬೆರ್ತೊ, ಅದರ ಎದುರು 1737ರ ಸಾನ್ ಕಾರ್ಲೊ ಒಪೆರಾ ಮನೆ. ಗಲ್ಲೇರಿಯಾದ ಇನ್ನೊಂದು ಬಾಗಿಲಿನಿಂದ ವಿಯಾ ತೊಲೆದೊಗೆ ಬಂದರೆ ಆಚೆ ಬದಿಯಲ್ಲಿ ಫ್ಯುನಿಕೊಲಾರೆ ಚೆಂತ್ರಾಲೆ. ಮೆಟ್ರೊದಂಥದ್ದೇ ಟಿಕೆಟಿನಲ್ಲಿ ಈ ಹಗ್ಗದ ರೈಲು ವೊಮೆರೊ ಬೆಟ್ಟಕ್ಕೆ ಏರಿಸುತ್ತದೆ. ಅಲ್ಲಿಂದ ಹತ್ತು ನಿಮಿಷ ನಡೆದು ಸಾಂತ್ ಎಲ್ಮೊ ಕೋಟೆಯ ನೆತ್ತಿಯಲ್ಲಿ ನಿಂತರೆ ಕೆಳಗೆ ನಿಮ್ಮ ಹಡಗೂ ಕಾಣುತ್ತದೆ. ಪಾಂಪೆಯ ಚಿತ್ರ, ಮೊಸಾಯಿಕ್‌ಗಳ ಬಹುಪಾಲು ಇರುವ ಪುರಾತತ್ವ ಮ್ಯೂಸಿಯಂಗೆ ಮುನಿಚಿಪಿಯೊದಿಂದ ಮೆಟ್ರೊದಲ್ಲಿ ಮೂರು ಸ್ಟಾಪು, ಈ ಸಲ ಪಿಶಿನೋಲಾ ದಿಕ್ಕಿಗೆ. ಮಂಗಳವಾರ ಅದಕ್ಕೆ ರಜೆ. ಅಮೃತಶಿಲೆಯಲ್ಲೇ ತೆಳುಮುಸುಕು ಕೆತ್ತಿದ 1753ರ ಕ್ರಿಸ್ತನ ವಿಗ್ರಹವಿರುವ ಸಾನ್‌ಸೆವೆರೊ ಚಾಪೆಲ್‌ಗೂ ಮಂಗಳವಾರವೇ ರಜೆ. ಅದರ ಟಿಕೆಟ್ ಮುಂಗಡ ಕಾದಿರಿಸದಿದ್ದರೆ ಸಿಗುವುದು ಕಷ್ಟ. ಕಾಪ್ರಿ ದ್ವೀಪದ ವೇಗದ ದೋಣಿಗಳು ಪಕ್ಕದ ಮೊಲೊ ಬೆವೆರೆಲ್ಲೊದಿಂದ ಐವತ್ತು ನಿಮಿಷದಲ್ಲಿ ಮುಟ್ಟಿಸುತ್ತವೆ. ಆದರೆ ಅಲೆ ಎದ್ದರೆ ದೋಣಿ ನಿಲ್ಲುತ್ತದೆ, ದ್ವೀಪದಿಂದ ಬೇರೆ ದಾರಿ ಇಲ್ಲ. ಗಾಳಿಯ ಮುನ್ಸೂಚನೆ ನೋಡಿಯೇ ಹೋಗಿ.

ಸಸ್ಯಾಹಾರಿಗಳಿಗೆ ಈ ಊರು ಸುಲಭ, ಹುಷಾರಾಗಿರಬೇಕಾದ ಕಡೆ ಕೆಲವಿವೆ. ಮಾರ್ಗರೀತಾ ಪಿಜ್ಜಾದಲ್ಲಿ ಟೊಮೆಟೊ, ಮೊಝರೆಲ್ಲಾ, ತುಳಸಿ ಜಾತಿಯ ಎಲೆ, ಎಣ್ಣೆ ಇಷ್ಟೇ, ಈರುಳ್ಳಿ ಬೆಳ್ಳುಳ್ಳಿ ಇರುವುದಿಲ್ಲ. ಮರಿನಾರಾದಲ್ಲಿ ಚೀಸ್ ಇಲ್ಲ, ಬೆಳ್ಳುಳ್ಳಿ ಇದೆ. ಬದನೆಕಾಯಿಯ ಪಾರ್ಮಿಜಾನಾ ತಿನ್ನಬಹುದು, ಹ್ಯಾಮ್ ಸೇರಿಸಿಲ್ಲವೇ ಎಂದು ಕೇಳಿಕೊಂಡು. ಕರಿದ ಪಿಜ್ಜಾದ ಹೂರಣದಲ್ಲಿ ಹಂದಿಯ ಚೂರು ಇರುವುದು ವಾಡಿಕೆ. ಎಲ್ಲರೂ ಕೊಳ್ಳುವ ಪದರಪದರದ ಸ್ಫೊಲ್ಯತೆಲ್ಲಾ ಸಿಹಿತಿಂಡಿ ಮತ್ತು ಮೆಣಸಿನ ತರಾಲ್ಲಿ ಎಂಬ ಕುರುಕಲಿನಲ್ಲಿ ಸಾಂಪ್ರದಾಯಿಕವಾಗಿ ಹಾಕುವುದು ಹಂದಿಯ ಕೊಬ್ಬು. ‘ಸ್ತ್ರುತ್ತೊ’ ಅಥವಾ ‘ಸುನ್ಯಾ’ ಇದೆಯೇ ಎಂದು ಕೇಳಿ. ಬಾಬಾ ಎಂಬ ಮೆತ್ತನೆಯ ಕೇಕು ರಮ್‌ನಲ್ಲಿ ನೆಂದಿರುತ್ತದೆ. ಕಾಫಿಯನ್ನು ಕೌಂಟರಿನಲ್ಲಿ ನಿಂತು ಕುಡಿದರೆ ಒಂದು ದರ, ಕೂತರೆ ಹಲವು ಪಟ್ಟು.

ಕಡೆಗೆ ಕಾಗದಪತ್ರ. ಷೆಂಗೆನ್ ಕೂಟದ (ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳು) ಹೊರಗಿನ ಟರ್ಕಿಯೋ ಮಾಂಟೆನೆಗ್ರೊವೋ ಟುನೀಸಿಯಾವೋ ದಾರಿಯಲ್ಲಿದ್ದರೆ ಷೆಂಗೆನ್ ವೀಸಾ ಹಲವು ಪ್ರವೇಶದ್ದೇ ಬೇಕು, ಒಮ್ಮೆ ಹೊರಗೆ ಹೋದರೆ ಮತ್ತೆ ಒಳಬರಬೇಕಲ್ಲ. ಕೆಲವು ಹಡಗುಗಳಲ್ಲಿ ಪಾಸ್‌ಪೋರ್ಟನ್ನು ಹಡಗಿನವರೇ ಇಟ್ಟುಕೊಳ್ಳುತ್ತಾರೆ. ಆಗ ಪಾಸ್‌ಪೋರ್ಟಿನ ಮತ್ತು ವೀಸಾದ ನೆರಳಚ್ಚು, ಹಡಗಿನ ಕಾರ್ಡು, ಒಂದು ಗುರುತಿನ ಚೀಟಿ ಜೇಬಿನಲ್ಲಿರಲಿ. ದಿನಚರಿಯ ಹಾಳೆಯಲ್ಲಿ ಪೋರ್ಟ್ ಏಜೆಂಟರ (ಬಂದರಿನಲ್ಲಿ ಹಡಗಿನ ಪರವಾಗಿ ಕೆಲಸ ನೋಡುವವರು) ಹೆಸರು, ಫೋನ್ ನಂಬರ್ ಇರುತ್ತದೆ, ಅದರ ಫೋಟೊ ತೆಗೆದುಕೊಳ್ಳಿ. ತಡವಾಗುವುದು ಖಚಿತವೆನಿಸಿದ ಕೂಡಲೇ ಅವರಿಗೆ ಫೋನ್ ಮಾಡಿ. ಹಡಗು ನಿಮಗಾಗಿ ಕಾಯುವುದಿಲ್ಲ. ಆದರೆ ಹೊರಡುವ ಮೊದಲು ಹಡಗಿನವರು ನಿಮ್ಮ ಪಾಸ್‌ಪೋರ್ಟ್ ಹುಡುಕಿ ಏಜೆಂಟರ ಕೈಗೆ ಕೊಟ್ಟು ಹೋಗುವ ರೂಢಿಯಿದೆ. ಅದಿದ್ದರೆ ಸ್ವಂತ ಖರ್ಚಿನಲ್ಲಿ ಮುಂದಿನ ಬಂದರಿಗೆ ಹೋಗಿ ಹಡಗು ಹಿಡಿಯಬಹುದು. ಅದಿಲ್ಲದಿದ್ದರೆ ನಮ್ಮ ರಾಯಭಾರ ಕಚೇರಿ ಇರುವುದು ರೋಮ್‌ನಲ್ಲಿ, ನಾಪೊಲಿ ಚೆಂತ್ರಾಲೆಯಿಂದ ವೇಗದ ರೈಲಿನಲ್ಲಿ ಸುಮಾರು ಒಂದು ಗಂಟೆ ಹತ್ತು ನಿಮಿಷ.