ನಾಲ್ಕು ಬದಿ ಅಳೆದರೆ ಹೊಲದ ವಿಸ್ತೀರ್ಣ ಸಿಗುವುದಿಲ್ಲ

ನಾನು ಚಿತ್ರದುರ್ಗ ಜಿಲ್ಲೆಯಲ್ಲಿ ಕೆಲಸ ಮಾಡುವ ಲೈಸೆನ್ಸ್ಡ್ ಸರ್ವೇಯರ್. ಪೋಡಿ (ಜಮೀನಿನ ಪಾಲು ಬೇರೆ ಮಾಡುವುದು), ಹದ್ದುಬಸ್ತು (ಗಡಿ ಗುರುತಿಸುವುದು), 11ಇ ನಕ್ಷೆ (ಜಮೀನಿನ ಒಂದು ಭಾಗ ಮಾರುವ ಮೊದಲು ಬೇಕಾಗುವ ನಕ್ಷೆ) ಅಂತ ಹೊಳಲ್ಕೆರೆಯ ಅಡಿಕೆ ತೋಟದಿಂದ ಚಳ್ಳಕೆರೆಯ ಶೇಂಗಾ ಹೊಲದವರೆಗೆ ಓಡಾಟ. ಟೇಪು ಹಿಡಿಯಲು, ಅಳತೆ ಬರೆದುಕೊಳ್ಳಲು, ಸಂಜೆ ಕೂತು ಲೆಕ್ಕ ಹಾಕಲು ಎಸ್ಸೆಸ್ಸೆಲ್ಸಿಯೋ ಪಿಯುಸಿಯೋ ಮುಗಿಸಿದ ಹುಡುಗರು ಜೊತೆಗೆ ಬರುತ್ತಾರೆ. ಚುರುಕಿನ ಹುಡುಗರು. ಗಣಿತದಲ್ಲಿ ಒಳ್ಳೆಯ ಅಂಕ ತೆಗೆದವರೂ ಇದ್ದಾರೆ. ಇವರ ಜೊತೆ ಕೆಲಸ ಮಾಡುತ್ತಾ ಮಾಡುತ್ತಾ, ಹೈಸ್ಕೂಲು ದಾಟುವ ಹೊತ್ತಿಗೆ ಮಕ್ಕಳಿಗೆ ಗಣಿತದಲ್ಲಿ ಏನು ಬಂದಿರಬೇಕು ಅನ್ನುವುದರ ಬಗ್ಗೆ ನನ್ನದೊಂದು ಗಟ್ಟಿ ಅಭಿಪ್ರಾಯ ಬೆಳೆದಿದೆ.

ಹೊಸದಾಗಿ ಬಂದವರನ್ನು ನಾನು ಕೇಳುವ ಮೊದಲ ಪ್ರಶ್ನೆ ಇದು: ಒಂದು ಹೊಲಕ್ಕೆ ನಾಲ್ಕು ಬದಿ, ಪ್ರತಿ ಬದಿಯೂ 132 ಅಡಿ. ಹೊಲ ಎಷ್ಟು ಗುಂಟೆ?

ಎಲ್ಲರೂ 132ನ್ನು 132ರಿಂದ ಗುಣಿಸುತ್ತಾರೆ. 17,424 ಚದರ ಅಡಿ. ಗುಂಟೆಗೆ 1089 ಚದರ ಅಡಿಯಂತೆ ಸರಿಯಾಗಿ 16 ಗುಂಟೆ. ಶೇಷವಿಲ್ಲದೆ ಭಾಗವಾಯಿತಲ್ಲ ಅಂತ ಮುಖದಲ್ಲಿ ಸಮಾಧಾನವೂ ಕಾಣುತ್ತದೆ. ಆದರೆ ಈ ಪ್ರಶ್ನೆಗೆ ಉತ್ತರವೇ ಇಲ್ಲ. ಮೂಲೆಗಳು ಲಂಬವಾಗಿದ್ದರೆ ಮಾತ್ರ 16 ಗುಂಟೆ. ಅದೇ ನಾಲ್ಕು ಬದಿ ಓರೆಯಾಗಿ ನಿಂತು, ಎದುರುಬದುರು ಮೂಲೆಗಳ ನಡುವಿನ ಒಂದು ಕರ್ಣವೂ 132 ಅಡಿಯೇ ಆಗಿದೆ ಅನ್ನಿ. ಆಗ ಹೊಲ ಎರಡು ಸಮಬಾಹು ತ್ರಿಭುಜವಾಗಿ ಒಡೆಯುತ್ತದೆ. ಮೂರು ಬದಿಯಿಂದಲೇ ತ್ರಿಭುಜದ ವಿಸ್ತೀರ್ಣ ಕೊಡುವ ಹೆರಾನನ ಸೂತ್ರ ಹಾಕಿ ಎರಡನ್ನೂ ಕೂಡಿದರೆ ಸುಮಾರು 15,090 ಚದರ ಅಡಿ, ಅಂದರೆ 13 ಗುಂಟೆ 14 ಆಣೆಯ ಆಸುಪಾಸು (ಆಣೆ ಅಂದರೆ ಗುಂಟೆಯ ಹದಿನಾರನೇ ಒಂದು ಪಾಲು). ಬೇಲಿಯ ಉದ್ದ ಒಂದಿಂಚೂ ಬದಲಾಗಿಲ್ಲ, ಎರಡು ಗುಂಟೆಗೂ ಹೆಚ್ಚು ಜಮೀನು ಮಾತ್ರ ಇಲ್ಲ.

ಹಳ್ಳಿಗಳಲ್ಲಿ ಈಗಲೂ ಒಂದು ಬಾಯಿಲೆಕ್ಕ ನಡೆಯುತ್ತದೆ. ಎದುರುಬದುರು ಬದಿಗಳನ್ನು ಕೂಡಿ ಅರ್ಧ ಮಾಡು, ಇನ್ನೆರಡನ್ನೂ ಹಾಗೇ ಮಾಡು, ಎರಡನ್ನೂ ಗುಣಿಸು. ಆಯತಕ್ಕೆ ಇದು ಸರಿ. ಉಳಿದ ಯಾವ ಚತುರ್ಭುಜಕ್ಕೆ ಹಾಕಿದರೂ ಇರುವುದಕ್ಕಿಂತ ಹೆಚ್ಚೇ ಬರುತ್ತದೆ, ಕಡಿಮೆ ಯಾವತ್ತೂ ಬರುವುದಿಲ್ಲ. ಕೊಳ್ಳುವವನು ಪ್ರತಿ ಸಲವೂ ಕಳೆದುಕೊಳ್ಳುವ ಲೆಕ್ಕ ಇದು. ಹತ್ತನೇ ತರಗತಿ ಮುಗಿಸಿದ ಮಗ ಪಕ್ಕದಲ್ಲೇ ನಿಂತಿರುತ್ತಾನೆ. ಅವನಾದರೂ 'ಅಪ್ಪಾ, ಒಂದು ಕರ್ಣ ಅಳೀಬೇಕು' ಅನ್ನಬಾರದೇ ಅಂತ ನನ್ನ ಹೊಟ್ಟೆ ಉರಿಯುತ್ತದೆ.

ಯಾಕೆಂದರೆ ಇದು ಅವನು ಓದಿದ ಪಾಠವೇ. ಒಂಬತ್ತನೇ ತರಗತಿಯ ಬಾಹು-ಬಾಹು-ಬಾಹು ಸರ್ವಸಮತೆ ಹೇಳುವುದು ಇದನ್ನೇ: ಮೂರು ಬದಿ ಗೊತ್ತಾದರೆ ತ್ರಿಭುಜ ಅಲ್ಲಾಡುವುದಿಲ್ಲ. ನಾಲ್ಕು ಬದಿಗೆ ಅಂಥ ನಿಯಮವಿಲ್ಲ, ಚತುರ್ಭುಜ ವಾಲುತ್ತದೆ. ನಮ್ಮ ಇಲಾಖೆಯ ಹಳೆಯ ಟಿಪ್ಪಣಿಗಳನ್ನು, ಅಂದರೆ ಹೊಲದ ಅಳತೆ ಬರೆದಿಟ್ಟ ನಕ್ಷೆಗಳನ್ನು, ಬಿಚ್ಚಿ ನೋಡಿ, ಹೊಲದ ಹೊಟ್ಟೆಯಲ್ಲೊಂದು ಆಧಾರರೇಖೆ, ಅದರಿಂದ ಮೂಲೆಗಳಿಗೆ ಲಂಬ ಅಳತೆ, ನಡುವೆ ತ್ರಿಭುಜ, ತ್ರಾಪಿಜ್ಯ. ಸರಪಳಿ ಎಳೆದ ಆ ಕಾಲದ ಭೂಮಾಪಕರಿಗೆ ಯಾವ ಅಳತೆ ಸಾಕು, ಯಾವುದು ಸಾಲದು ಅನ್ನುವುದು ಖಚಿತವಾಗಿ ಗೊತ್ತಿತ್ತು. ನಮ್ಮ ಮಕ್ಕಳಿಗೆ ಸರ್ವಸಮತೆ ಅಂದರೆ 'ಸಾಧಿಸಿ' ಅಂತ ಕೊನೆಯಾಗುವ ಪರೀಕ್ಷೆ ಪ್ರಶ್ನೆ, ಅಷ್ಟೆ. 'ಸಾರ್, ಯಾವ ಸೂತ್ರ ಹಾಕ್ಲಿ?' ಅಂತ ಕೇಳುತ್ತಾರೆ. 'ಇಷ್ಟು ಅಳತೆ ಸಾಕಾ ಸಾರ್?' ಅನ್ನುವವರು ಅಪರೂಪ. ನನ್ನ ದೃಷ್ಟಿಯಲ್ಲಿ ಹೈಸ್ಕೂಲು ಗಣಿತದ ಫಲ ಆ ಎರಡನೆಯ ಪ್ರಶ್ನೆ.

ಇನ್ನೊಂದು, ಕೈಗೆ ಬಂದ ಉತ್ತರವನ್ನು ತಾಳೆ ನೋಡುವ ಅಭ್ಯಾಸ.

ಪಹಣಿಯಲ್ಲಿ 2-20 ಅಂತ ಇರುತ್ತದೆ. ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಮೂವರು ಅಣ್ಣತಮ್ಮಂದಿರಿಗೆ ಪಾಲು ಮಾಡಬೇಕು. ಮೊಬೈಲಿನಲ್ಲಿ 2.20 ಒತ್ತಿ ಮೂರರಿಂದ ಭಾಗಿಸಿದರೆ 0.7333 ಬರುತ್ತದೆ. ಅದನ್ನು ನೋಡಿ '73 ಗುಂಟೆ' ಅಂತ ಓದಿದವರಿದ್ದಾರೆ. 40 ಗುಂಟೆಗೇ ಒಂದು ಎಕರೆ ಮುಗಿಯುತ್ತದೆ, ಇನ್ನೆಲ್ಲಿಯ 73? ಸ್ವಲ್ಪ ತಿಳಿದವರು 40ರಿಂದ ಗುಣಿಸಿ 29 ಗುಂಟೆ ಚಿಲ್ಲರೆ ಅನ್ನುತ್ತಾರೆ. ಅದೂ ತಪ್ಪು, ಮತ್ತು ನೋಡಲು ಸರಿಯಾಗಿ ಕಾಣುವುದರಿಂದ ಹೆಚ್ಚು ಅಪಾಯದ ತಪ್ಪು. ಸರಿಯಾದ ದಾರಿ ಸುಲಭ: ಒಟ್ಟು 100 ಗುಂಟೆ, ಮೂರು ಪಾಲು, ತಲಾ 33 ಗುಂಟೆ, ಮೇಲೆ ಐದು ಚಿಲ್ಲರೆ ಆಣೆ. ತಪ್ಪು ಲೆಕ್ಕದಲ್ಲಿ ಒಬ್ಬೊಬ್ಬರಿಗೂ ನಾಲ್ಕು ಗುಂಟೆ, ಅಂದರೆ 4356 ಚದರ ಅಡಿ ಕಡಿಮೆ. ಊರ ಪಕ್ಕದ ಜಮೀನಾದರೆ ಮೂವತ್ತು-ನಲವತ್ತರ ಮೂರು ಸೈಟು ಕಳೆದು ಇನ್ನೂ ಮಿಕ್ಕುತ್ತದೆ.

ಅಲ್ಲಿಗೂ ಮುಗಿಯಲಿಲ್ಲ. 33 ಗುಂಟೆ 5 ಆಣೆಯಂತೆ ಮೂವರಿಗೂ ಬರೆದು ಕೂಡಿ ನೋಡಿ, 99 ಗುಂಟೆ 15 ಆಣೆ. ಒಂದು ಆಣೆ ಉಳಿಯಿತು. ಗುಂಟೆಗೆ 16 ಆಣೆ, ಹಾಗಾಗಿ ಇದು ಸುಮಾರು 68 ಚದರ ಅಡಿ. ಕಾಗದದ ಮೇಲೆ ಅದನ್ನು ಬಿಟ್ಟುಬಿಟ್ಟರೆ ಏನೂ ಅನ್ನಿಸುವುದಿಲ್ಲ, ನೆಲದ ಮೇಲೆ ಅದು ಯಾರದೋ ಪಾಲಿಗೆ ಸೇರಲೇಬೇಕು. ಇಬ್ಬರಿಗೆ 33-5, ಒಬ್ಬರಿಗೆ 33-6 ಅಂತ ಮೂವರನ್ನೂ ಕೂರಿಸಿ ಒಪ್ಪಿಸಿಯೇ ಬರೆಯಬೇಕಾಗುತ್ತದೆ. ಪಾಲುಗಳನ್ನು ವಾಪಸ್ ಕೂಡಿದರೆ ಒಟ್ಟು ಬರಬೇಕು ಅನ್ನುವುದು ಮೂರನೇ ತರಗತಿಯ ಮಾತು. ಹತ್ತನೆಯವರೆಗೆ ಅದು ಉಳಿದು ಬಂದಿರಬೇಕು, ಅಷ್ಟೇ ನಾನು ಕೇಳುವುದು.

ತಾಳೆ ನೋಡುವುದು ದೊಡ್ಡವರ ಕೆಲಸದಲ್ಲೂ ಇದೆ. 1802ರಲ್ಲಿ ಬ್ರಿಟಿಷ್ ಸೇನೆಯ ಭೂಮಾಪಕ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನ ಹತ್ತಿರ ಒಂದು ಆಧಾರರೇಖೆ ಅಳೆದು, ಅಲ್ಲಿಂದ ಕೋನಗಳನ್ನು ಅಳೆಯುತ್ತಾ ತ್ರಿಭುಜದ ಮೇಲೆ ತ್ರಿಭುಜ ಕಟ್ಟಿಕೊಂಡು ಬಂದರು. ಬೆಂಗಳೂರಿನ ಬಳಿ ಬಂದಾಗ ಲೆಕ್ಕವನ್ನೇ ನಂಬಿ ಮುಂದೆ ಹೋಗಲಿಲ್ಲ, ನೆಲದ ಮೇಲೆ ಇನ್ನೊಂದು ಆಧಾರರೇಖೆ ಅಳೆದು ಹೋಲಿಸಿದರು. ಈ ಪ್ರಸಂಗವನ್ನು ತ್ರಿಕೋನಮಿತಿಯ ಪಾಠದಲ್ಲಿ ಹೇಳಿದರೆ ಮಕ್ಕಳು ಕಿವಿ ನಿಮಿರಿಸಿ ಕೇಳುತ್ತಾರೆ ಅಂತ ನನ್ನ ನಂಬಿಕೆ.

ತ್ರಿಕೋನಮಿತಿ ಅಂದಾಗ ನೆನಪಾಯಿತು. ಅದು ಗೋಪುರದ ಎತ್ತರಕ್ಕೆ ಮಾತ್ರ ಅಂತ ಹುಡುಗರು ತಿಳಿದಿರುತ್ತಾರೆ. ನಮ್ಮ ದುರ್ಗದ ಸುತ್ತ ಗುಡ್ಡದ ಓರೆಯ ಜಮೀನು ಬೇಕಾದಷ್ಟಿದೆ. 15 ಡಿಗ್ರಿ ಇಳಿಜಾರಿನಲ್ಲಿ ನೆಲಕ್ಕೆ ಹಚ್ಚಿ 100 ಅಡಿ ಟೇಪು ಎಳೆದರೆ ಸಮತಟ್ಟಿನ ಲೆಕ್ಕಕ್ಕೆ ಸಿಗುವುದು 96½ ಅಡಿ. ದಾಖಲೆಯ ವಿಸ್ತೀರ್ಣ ಸಮತಟ್ಟಿನದು. ಕೊಸೈನ್ ಕೋಷ್ಟಕ ಬಾಯಿಗೆ ಬರದಿದ್ದರೆ ಚಿಂತೆಯಿಲ್ಲ, ಇಲ್ಲಿ ಕೊಸೈನ್ ಬೇಕು ಅಂತ ಹೊಳೆಯಬೇಕು.

ನಕ್ಷೆಯ ಅಳತೆಪ್ರಮಾಣವೂ ಹಾಗೇ. ನಮ್ಮ ಗ್ರಾಮನಕ್ಷೆ 1:7920. ನಕ್ಷೆಯ ಒಂದು ಇಂಚು ನೆಲದ 660 ಅಡಿ, ಒಂದು ಚದರ ಇಂಚು ಅಂದರೆ ಸರಿಯಾಗಿ ಹತ್ತು ಎಕರೆ. ಇಷ್ಟು ಚೆಂದದ ಲೆಕ್ಕ ಪಠ್ಯಪುಸ್ತಕದಲ್ಲೂ ಸಿಗುವುದು ಕಷ್ಟ. ಆದರೆ ಆ ನಕ್ಷೆಯನ್ನು ಶೇಕಡಾ 90ಕ್ಕೆ ಕುಗ್ಗಿಸಿ ಜೆರಾಕ್ಸ್ ಮಾಡಿಸಿದರೆ ವಿಸ್ತೀರ್ಣ 90 ಆಗುವುದಿಲ್ಲ, 81 ಆಗುತ್ತದೆ. ವಾಟ್ಸಾಪಿನಲ್ಲಿ ಬಂದ ನಕ್ಷೆಯ ಮೇಲೆ ಸ್ಕೇಲಿಟ್ಟು ಜಗಳಕ್ಕೆ ನಿಂತವರಿಗೆ ಇದನ್ನು ವಿವರಿಸುವುದು ನನ್ನ ಕೆಲಸದ ಭಾಗವೇ ಆಗಿಹೋಗಿದೆ.

ಈಗ ಉಪಗ್ರಹದ ನೆರವಿನಿಂದ ಅಳೆಯುವ ರೋವರ್ ಬಂದಿದೆ, ಸಾಫ್ಟ್‌ವೇರ್ ಇದೆ, ಲೆಕ್ಕ ಯಾಕೆ ಅನ್ನುವವರಿದ್ದಾರೆ. ಯಂತ್ರ ಐದು ದಶಮಾಂಶದವರೆಗೆ ವಿಸ್ತೀರ್ಣ ಕೊಡುತ್ತದೆ, ನಿಜ. ಆದರೆ ಎರಡು ಹೊಲದ ನಡುವಿನ ಬದುವೇ ಎರಡು ಅಡಿ ಅಗಲ. 300 ಅಡಿ ಉದ್ದದ ಬದು 600 ಚದರ ಅಡಿ ನುಂಗುತ್ತದೆ, ಅರ್ಧ ಗುಂಟೆಗಿಂತ ಹೆಚ್ಚು. ರೋವರಿನ ಕಡ್ಡಿಯನ್ನು ಬದುವಿನ ಆಚೆ ಇಟ್ಟೆಯೋ ಈಚೆ ಇಟ್ಟೆಯೋ ಅನ್ನುವುದರ ಮುಂದೆ ಕೊನೆಯ ಮೂರು ಅಂಕಿಗೆ ಅರ್ಥವೇ ಇಲ್ಲ. ಒಂದು ಮೂಲೆಯ ಬಿಂದುವನ್ನು ತಪ್ಪು ಕ್ರಮದಲ್ಲಿ ಸೇರಿಸಿದರೂ ಯಂತ್ರ ಏನೋ ಒಂದು ವಿಸ್ತೀರ್ಣ ಕೊಟ್ಟೇ ಕೊಡುತ್ತದೆ. ಹೊಲವನ್ನು ಒಮ್ಮೆ ಸುತ್ತಿ 'ಇದು ಮೂರು ಎಕರೆ ಮೇಲೆ ಹೋಗಲ್ಲ' ಅಂತ ಅಂದಾಜು ಕಟ್ಟಬಲ್ಲವನಿಗೆ ಮಾತ್ರ ಅದು ಕಣ್ಣಿಗೆ ಬೀಳುತ್ತದೆ.

ಬಡ್ಡಿಯ ಬಗ್ಗೆ ಒಂದೇ ಮಾತು. ನಮ್ಮಲ್ಲಿ ಎರಡು ರೂಪಾಯಿ ಬಡ್ಡಿ ಅಂದರೆ ನೂರಕ್ಕೆ ತಿಂಗಳಿಗೆ ಎರಡು, ವರ್ಷಕ್ಕೆ ಶೇಕಡಾ 24. ಕಟ್ಟದೆ ತಿಂಗಳು ತಿಂಗಳೂ ಅಸಲಿಗೆ ಸೇರಿಸುತ್ತಾ ಹೋದರೆ 27ರ ಹತ್ತಿರ. ಇದನ್ನು ತಿಳಿಯದೆ ಯಾವ ಮಗುವೂ ಹೈಸ್ಕೂಲು ಬಿಡಬಾರದು.

ಹಾಗಂತ ಪ್ರಮೇಯಗಳನ್ನು ಕಿತ್ತುಹಾಕಿ 'ಉಪಯೋಗದ ಗಣಿತ' ಕಲಿಸಿ ಅನ್ನುವವರ ಜೊತೆ ನಾನಿಲ್ಲ. ಗಾರೆ ಮೇಸ್ತ್ರಿ ಪಾಯ ಹಾಕುವಾಗ 3-4-5 ಅಡಿಯ ಲೆಕ್ಕದಲ್ಲಿ ದಾರ ಕಟ್ಟಿ ಮೂಲೆಮಟ್ಟ ಹಿಡಿಯುತ್ತಾನೆ. ಅದು ಪೈಥಾಗೊರಸ್ ಪ್ರಮೇಯದ ವಿಲೋಮ. ಅಳತೆ 9-12-15 ಆದರೂ ನಡೆಯುತ್ತದೆ, ದೊಡ್ಡದಾದಷ್ಟೂ ಮೂಲೆ ನಿಖರ. ಇದು ಯಾಕೆ ಅಂತ ಹೇಳಬಲ್ಲ ಹುಡುಗ ಹೊಸ ಜಾಗದಲ್ಲೂ ಹೊಸ ದಾರಿ ಹುಡುಕುತ್ತಾನೆ. ಪ್ರಮೇಯದ ಸಾಧನೆ ಕಲಿಯುವುದು ಆ 'ಯಾಕೆ'ಗಾಗಿ. ಪಾಠ ಕಡಿಮೆಯಾದರೂ ಪರವಾಗಿಲ್ಲ, 'ಯಾಕೆ' ಕಡಿಮೆಯಾಗುವುದು ಬೇಡ.

ಗಣಿತದ ಮೇಷ್ಟ್ರುಗಳು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಒಂದು ಟೇಪು, ನಾಲ್ಕು ಗೂಟ ತೆಗೆದುಕೊಂಡು ಮಕ್ಕಳನ್ನು ಶಾಲೆಯ ಮೈದಾನಕ್ಕೆ ಕರೆದೊಯ್ಯಿರಿ. ಬೇಕೆಂದೇ ಓರೆಯಾಗಿ ಗೂಟ ನೆಡಿಸಿ. ನಾಲ್ಕು ಬದಿ ಮತ್ತು ಒಂದು ಕರ್ಣ ಅಳೆಯಲಿ. ಅಷ್ಟರಿಂದ ವಿಸ್ತೀರ್ಣ ತೆಗೆಯಲಿ, ಜೊತೆಗೆ ಅದೇ ಐದು ಅಳತೆಯನ್ನು ಸ್ಕೇಲು, ಕಂಪಾಸು ಹಿಡಿದು ಕಾಗದದ ಮೇಲೆ ಬರೆದು ಎರಡನೆಯ ಕರ್ಣ ಎಷ್ಟಿರಬೇಕು ಅಂತ ಮೊದಲೇ ಬರೆದಿಡಲಿ. ಆಮೇಲೆ ಟೇಪು ಎಳೆದು ನೋಡಲಿ. ವ್ಯತ್ಯಾಸ ಬಂದರೆ ಅದು ಗೂಟದಲ್ಲಿದೆಯೋ, ಟೇಪಿನ ಜೋಲಿನಲ್ಲಿದೆಯೋ, ಲೆಕ್ಕದಲ್ಲಿದೆಯೋ ಅಂತ ಅವರವರೇ ವಾದ ಮಾಡಿಕೊಳ್ಳಲು ಬಿಡಿ. ಆ ಪೀರಿಯಡ್ಡಿನಲ್ಲಿ ಬೇರೆ ಪಾಠ ಆಗದಿದ್ದರೂ ನಷ್ಟವಿಲ್ಲ.