ಅಜ್ಜೀ, ನಿಮಗ ಇನ್ನೂ ವಯಸ್ಸಾಗಿಲ್ರೀ

ಸೋಮವಾರದಿಂದ ಈ ಮಾತು ಕಿವಿ ಬಿಟ್ಟು ಹೋಗುತ್ತಿಲ್ಲ. ಹೇಳಿದ ಹುಡುಗನಿಗೆ ತಾನು ಹೇಳಿದ್ದರಲ್ಲಿ ನಗುವಂಥದ್ದು ಇದೆ ಅಂತ ಹೊಳೆಯಲೂ ಇಲ್ಲ. ನಾಡಕಚೇರಿಯ ಕೌಂಟರಿನ ಆಚೆ ಕೂತು, ಪರದೆಯಿಂದ ಕಣ್ಣು ತೆಗೆಯದೆ, ತುಂಬ ಮರ್ಯಾದೆಯಿಂದಲೇ ಹೇಳಿದ. ಈಚೆ ನಾಗಕ್ಕ ಕೌಂಟರಿನ ಕಟ್ಟೆಗೆ ಎರಡೂ ಕೈ ಊರಿಕೊಂಡು ನಿಂತಿದ್ದಳು. ಬಾಯಲ್ಲಿ ಮುಂದಿನ ಹಲ್ಲಿಲ್ಲ, ಸೊಂಟ ಬಾಗಿದೆ, ಎಡಗಣ್ಣಿಗೆ ಪೊರೆ ಬಂದಿದೆ. ಇಷ್ಟಿದ್ದೂ ವಯಸ್ಸಾಗಿಲ್ಲ. ಆದರೆ ಕರೆಯುವುದು ಮಾತ್ರ ಅಜ್ಜಿ ಅಂತಲೇ!

ಹೋಗಿದ್ದು 400 ರೂಪಾಯಿಗೆ. ನಾಗಕ್ಕನಿಗೆ ಈಗ ಬರುತ್ತಿರುವುದು ವಿಧವಾ ವೇತನ, ತಿಂಗಳಿಗೆ 800. 65 ತುಂಬಿದರೆ ಸಂಧ್ಯಾ ಸುರಕ್ಷಾ ಸಿಗುತ್ತದೆ, ಅದು 1200. ಎರಡೂ ಒಟ್ಟಿಗೆ ಇಲ್ಲ, ಒಬ್ಬರಿಗೆ ಒಂದೇ. ಸಂಧ್ಯಾ ಸುರಕ್ಷಾ 2007ರಲ್ಲೇ ಬಂದಿದೆ, ಆದರೆ ತನಗೆ 65 ತುಂಬಿದಾಗ ಅವಳು ಕೇಳಲಿಲ್ಲ, ಕೇಳಬಹುದು ಅಂತ ಯಾರೂ ಹೇಳಲಿಲ್ಲ. ಈಗ ಸೊಸೆಯ ಹೆಸರಿಗೆ ಗೃಹಲಕ್ಷ್ಮಿ ಬರುತ್ತದೆ, ಅದು ಸೊಸೆಯ ಕೈಗೆ. ಆ 800ರಲ್ಲಿ ಬಿಪಿ ಮಾತ್ರೆ, ಕವಳದ ಖರ್ಚು, ಮೊಮ್ಮಗಳು ಬಂದಾಗ ಒಂದು ಬಿಸ್ಕತ್ ಪೊಟ್ಟಣ ಎಲ್ಲ ಆಗಬೇಕು. ನಾನೇ ಒತ್ತಾಯ ಮಾಡಿ ಕರೆದುಕೊಂಡು ಹೋದೆ, ಅವಳಿಗೇನೂ ಅಷ್ಟು ಆಸೆ ಇರಲಿಲ್ಲ.

ಆಧಾರ್ ಕಾರ್ಡಿನಲ್ಲಿ ಅವಳು ಹುಟ್ಟಿದ್ದು 01-01-1964. ನಮ್ಮ ಕಡೆ ಶಾಲೆಗೆ ಹೋಗದ ತಲೆಮಾರಿನ ಅರ್ಧ ಜನ ಜನವರಿ ಒಂದಕ್ಕೇ ಹುಟ್ಟಿದವರು. ಶಾಲೆಯ ಜಗುಲಿಯಲ್ಲಿ ಆಧಾರ್ ಮಾಡಿಸಿದ ದಿನ ಊರಿಗೆ ಊರೇ ಸಾಲು ನಿಂತಿತ್ತು. ಮಷೀನಿನ ಹುಡುಗ ಮುಖ ನೋಡಿ ಒಂದು ಇಸವಿ ಹಾಕುತ್ತಾ ಹೋದ. ನಾಗಕ್ಕನ ತಲೆ ಆಗ ಅಷ್ಟು ಬೆಳ್ಳಗಿರಲಿಲ್ಲ. ಅದೇ ತಪ್ಪಾಯಿತು.

ಸೋಮವಾರದ ಮಾತುಕತೆ ಹೀಗೆ ನಡೆಯಿತು.

'ಅಜ್ಜೀ, ನಿಮಗ ಇನ್ನೂ ವಯಸ್ಸಾಗಿಲ್ರೀ. ಅರವತ್ತೈದು ತುಂಬಬೇಕ್ರೀ.'

'ತುಂಬಿ ಎಷ್ಟೋ ಕಾಲ ಆತು ತಮಾ.'

'ಹುಟ್ಟಿದ್ದು ಯಾವಾಗ್ರೀ?'

'ಅದೆಲ್ಲ ಗೊತ್ತಿಲ್ಲ. ನೀರು ಬಂದ ವರ್ಷ ನಾನು ಸೀರೆ ಉಡ್ತಿದ್ದೆ.'

'ಯಾವ ನೀರ್ರೀ?'

ನನಗೆ ಸುರ್ರನೆ ಸಿಟ್ಟು ಬಂತು. ಶರಾವತಿ ಕಣಿವೆಯ ಸೀಮೆಯಲ್ಲಿ, ಅದೂ ಕಂದಾಯ ಇಲಾಖೆಯ ಕುರ್ಚಿಯಲ್ಲಿ ಕೂತು, ಯಾವ ನೀರು ಅಂತ ಕೇಳುವುದೇ? ಇಲ್ಲಿ ಕಾಲವನ್ನೇ ನೀರು ಬರುವ ಮುಂಚೆ, ನೀರು ಬಂದ ಮೇಲೆ ಅಂತ ಲೆಕ್ಕ ಹಾಕುತ್ತಾರೆ. ಮುಳುಗಡೆಯಾದವರಿಗೆ ಕೊಟ್ಟ ಜಾಗದ ಹಕ್ಕುಪತ್ರದ ತಕರಾರು ಈ ಇಲಾಖೆಯಲ್ಲಿ ಅರವತ್ತು ವರ್ಷ ಕಳೆದರೂ ಮುಗಿದಿಲ್ಲ. ಹುಡುಗ ಹಾವೇರಿ ಕಡೆಯವನು, ಹೊರಗುತ್ತಿಗೆಯ ಆಪರೇಟರ್, ಬಂದು ಎಷ್ಟು ಕಾಲವಾಯಿತೋ. ಅವನ ಮೇಲೆ ನನಗೆ ದೂರಿಲ್ಲ. ನಿಜ ಹೇಳಬೇಕೆಂದರೆ ಆ ಕಚೇರಿಯಲ್ಲಿ ಬಂದವರಿಗೆ 'ಕೂತ್ಕೋರಿ' ಅನ್ನುತ್ತಿದ್ದವನು ಅವನೊಬ್ಬನೇ.

ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ದನಿ ಬಂತು. 'ಯಾವ ನೀರು ಅಂತ ಕೇಳಿದ್ದು ಸರಿಯೇ ಇದೆ. ಮೊದಲನೇ ನೀರೋ, ಎರಡನೇದೋ?'

ಎಂಬತ್ತು ದಾಟಿದ ಒಬ್ಬರು, ತಲೆಗೆ ಟವೆಲು ಸುತ್ತಿಕೊಂಡು ಊರುಗೋಲಿಗೆ ಗದ್ದ ಕೊಟ್ಟು ಕೂತಿದ್ದರು. ಅವರು ಹೇಳಿದ್ದು ನ್ಯಾಯವೇ. ನೀರು ಎರಡು ಸಲ ಬಂದಿದೆ. 1948ರಲ್ಲಿ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟಿನದು, ಆಮೇಲೆ 1964ರಲ್ಲಿ ಲಿಂಗನಮಕ್ಕಿಯದು. ಎರಡನೆಯದು ಬಂದು ಮೊದಲನೆಯ ಅಣೆಕಟ್ಟನ್ನೇ ಮುಳುಗಿಸಿತು. ಮಳೆ ಕೈಕೊಟ್ಟ ವರ್ಷದ ಬೇಸಿಗೆಯಲ್ಲಿ ಅದು ಈಗಲೂ ತಲೆ ಎತ್ತುತ್ತದೆ, ಜನ ನೋಡಲು ಹೋಗುತ್ತಾರೆ.

'ಎರಡನೇದು' ಅಂದಳು ನಾಗಕ್ಕ.

'ಊರು ಬಿಡಕಾದ್ರೆ ಕೈಯಲ್ಲಿ ಎಂತ ಹಿಡ್ಕಂಡಿದ್ದೆ?'

'ಸೊಂಟದ ಮೇಲೆ ತಮ್ಮ ಇದ್ದ, ತಲೆ ಮೇಲೆ ಒರಳಿನ ಗುಂಡು.'

'ಒರಳಿನ ಗುಂಡು ಹೊರಕೆ ಹತ್ತು ವರ್ಷದವಳ ಕೈಯಲ್ಲಿ ಆಗಲ್ಲ. ಮದುವೆ ಆದ್ದು?'

'ಅದಾಗಿ ಐದು ವರ್ಷಕ್ಕೆ.'

'ಹಂಗಾರೆ ಐವತ್ತೊಂದು, ಐವತ್ತೆರಡರ ಇಸವಿಯವಳು ನೀನು. ಎಪ್ಪತ್ತು ದಾಟಿ ಯಾವ ಕಾಲ ಆತು. ಬರ್ಕಳಿ.'

ಬರ್ಕಳಿ ಅಂದಿದ್ದು ಆಪರೇಟರ್ ಹುಡುಗನಿಗೆ. ಎರಡು ನಿಮಿಷದ ಕೆಲಸ, ಸರ್ವರ್ ಬೇಕಾಗಲಿಲ್ಲ, ಒಟಿಪಿ ಬೇಕಾಗಲಿಲ್ಲ. ಸೀರೆ ಉಡುವ ವಯಸ್ಸು, ಹೊರುವ ಭಾರ, ಮದುವೆ, ಹೀಗೆ ಒಂದಕ್ಕೊಂದು ತಾಳೆ ಹಾಕಿ ವಯಸ್ಸು ಕಟ್ಟಿದರು. ಪಕ್ಕದಲ್ಲಿದ್ದ ಇನ್ನೊಬ್ಬ ಹೆಂಗಸು ತನ್ನ ಕಾರ್ಡನ್ನೂ ಅವರ ಮುಂದೆ ಹಿಡಿದಳು. 'ನನ್ನದೂ ಒಂಚೂರು ನೋಡಿ.'

ಆಗಲೇ ಕರೆಂಟು ಹೋಯಿತು. ಯುಪಿಎಸ್ ಕುಂಯ್‌ಗುಟ್ಟಿ ಸುಮ್ಮನಾಯಿತು. ಟವೆಲಿನವರು ಊರುಗೋಲು ನೆಲಕ್ಕೆ ಕುಟ್ಟಿ, 'ನಮ್ಮ ಮನೆ ಮುಳುಗಿಸಿ ಮಾಡಿದ ಕರೆಂಟು ಇವರ ಆಫೀಸಿಗೂ ಇಲ್ಲ ಅಂದ್ರೆ, ಅದು ಹೋಗದು ಎಲ್ಲಿಗೆ ಮಾರಾಯ್ರೆ?' ಅಂದರು. ಬೆಂಚಿನವರೆಲ್ಲ ನಕ್ಕರು. ಹುಡುಗನೂ ನಕ್ಕ, ಅರ್ಥವಾಯಿತೋ ಇಲ್ಲವೋ.

ಕರೆಂಟಿಲ್ಲದ ಆ ಹೊತ್ತಿನಲ್ಲಿ ನಾಗಕ್ಕ ತನ್ನ ಪ್ಲಾಸ್ಟಿಕ್ ಕೊಟ್ಟೆ ಬಿಚ್ಚಿದಳು. ರಬ್ಬರ್ ಬ್ಯಾಂಡ್ ಹಾಕಿದ ರೇಷನ್ ಕಾರ್ಡು, ಪಾಸ್‌ಬುಕ್ಕು, ಗಂಡನ ಮರಣ ಪ್ರಮಾಣ ಪತ್ರ, ಚುನಾವಣಾ ಆಯುಕ್ತ ಶೇಷನ್ ಕಾಲದ ಕಪ್ಪುಬಿಳುಪು ಫೋಟೋದ ಮತದಾರರ ಚೀಟಿ. ಅದರ ಮೇಲೆ 1-1-1995ಕ್ಕೆ ವಯಸ್ಸು 44 ಅಂತ ಅಚ್ಚಾಗಿದೆ. ಅದೂ ಸರ್ಕಾರ ಕೊಟ್ಟದ್ದೇ. ನಾನು ಇನ್ನೊಂದು ಕಾಗದ ತಂದಿದ್ದೆ, ಅವಳ ದೊಡ್ಡ ಮಗನ ಶಾಲೆಯ ಟಿಸಿ. ಮಗ ಹುಟ್ಟಿದ್ದು 1971. ಕಾರ್ಡಿನ ಲೆಕ್ಕ ಹಿಡಿದರೆ ನಾಗಕ್ಕ ಏಳು ವರ್ಷಕ್ಕೇ ಹೆತ್ತವಳು.

ಹುಡುಗ ಟಿಸಿ ನೋಡಿದ, ಕಾರ್ಡು ನೋಡಿದ, ಮೊದಲ ಸಲ ಮುಖ ಎತ್ತಿ ನಾಗಕ್ಕನನ್ನು ನೋಡಿದ. 'ನನಗ ಗೊತ್ತಾಗತೈತ್ರೀ ಮೇಡಂ. ಸಿಸ್ಟಮ್ ತಗೋಳಂಗಿಲ್ರೀ.'

ಮುಂದಿನ ಅಲೆದಾಟ ಓದುವವರಿಗೆ ಗೊತ್ತಿರುವಂಥದ್ದೇ. ಆಧಾರ್ ಕೇಂದ್ರದಲ್ಲಿ, ಮತದಾರರ ಚೀಟಿ ಹುಟ್ಟಿದ ದಿನಕ್ಕೆ ನಡೆಯುವುದಿಲ್ಲ, ಜನನ ಪ್ರಮಾಣ ಪತ್ರ ತನ್ನಿ ಅಂದರು. ಜನನವನ್ನು ವರ್ಷ ಕಳೆದ ಮೇಲೆ ನೋಂದಾಯಿಸಲು ಮ್ಯಾಜಿಸ್ಟ್ರೇಟರ ಆದೇಶ ಬೇಕು. ಅದಕ್ಕೆ ಅಫಿಡವಿಟ್ಟು, ವಕೀಲರು, ಓಡಾಟ. ತಿಂಗಳಿಗೆ 400 ಅಂದರೆ ವರ್ಷಕ್ಕೆ 4800. ಅದಷ್ಟೂ ಮೊದಲ ಹಂತದಲ್ಲೇ ಕರಗುತ್ತದೆ. ಹುಟ್ಟಿದ ಮನೆ ಹಿನ್ನೀರಿನ ಅಡಿಯಲ್ಲಿದೆ, ಸೂಲಗಿತ್ತಿ ಸತ್ತು ತಲೆಮಾರಾಯಿತು. ಇದರಲ್ಲಿ ದೊಡ್ಡ ತಮಾಷೆ ಅಂದರೆ, ಈಗ ಹೊಸದಾಗಿ ಬರುವ ಆಧಾರ್ ಪತ್ರದ ಮೇಲೆ ಇದು ಗುರುತಿನ ಪುರಾವೆಯೇ ಹೊರತು ಪೌರತ್ವಕ್ಕಾಗಲಿ ಹುಟ್ಟಿದ ದಿನಾಂಕಕ್ಕಾಗಲಿ ಪುರಾವೆಯಲ್ಲ ಅಂತ ಅವರೇ ಅಚ್ಚು ಹಾಕುತ್ತಾರೆ. 2024ರಲ್ಲಿ ಸುಪ್ರೀಂ ಕೋರ್ಟೂ ಒಂದು ಅಪಘಾತ ಪರಿಹಾರದ ಮೊಕದ್ದಮೆಯಲ್ಲಿ ವಯಸ್ಸಿಗೆ ಆಧಾರ್ ಸಾಲದು, ಶಾಲೆಯ ಪ್ರಮಾಣ ಪತ್ರ ನೋಡಿ ಅಂದಿದೆ. ಶಾಲೆಯ ಮೆಟ್ಟಿಲನ್ನೇ ಹತ್ತದವರ ಗತಿ ಏನು ಎಂಬುದು ಬೇರೆ ಮಾತು.

ಇಷ್ಟು ಬಿಗಿ ಯಾಕೆ ಬಂತು ಅಂತಲೂ ನನಗೆ ಗೊತ್ತು. ಡಾಕ್ಟರ ಬಳಿ ವಯಸ್ಸಿನ ಸರ್ಟಿಫಿಕೇಟ್ ಬರೆಸಿಕೊಂಡು ಐವತ್ತೈದಕ್ಕೇ ಮುದುಕರಾದವರು ಪ್ರತಿ ಊರಲ್ಲೂ ಇದ್ದಾರೆ. ನಮ್ಮೂರಲ್ಲೂ ಒಬ್ಬರಿದ್ದಾರೆ. ಫಸಲು ಕೊಡುವ ಅಡಿಕೆ ತೋಟ, ಇಬ್ಬರು ಮಕ್ಕಳು ಬೆಂಗಳೂರಲ್ಲಿ, ತಲೆಗೆ ತಪ್ಪದೆ ಬಣ್ಣ. ವರ್ಷದ ಆದಾಯ 32,000 ದಾಟಬಾರದು ಅಂತ ನಿಯಮ, ಅವರದು ದಾಟಿಲ್ಲವಂತೆ. ಹೆಸರು ಬರೆಯುವುದಿಲ್ಲ, ಓದಿದರೆ ಅವರಿಗೇ ತಿಳಿಯುತ್ತದೆ. ಅಂಥವರನ್ನು ಹಿಡಿಯಲು ಬಲೆ ಬೀಸಿದರು, ಅವರ ಕಾಗದವೆಲ್ಲ ಸರಿ ಇದ್ದದ್ದರಿಂದ ಅವರು ದಾಟಿಕೊಂಡರು. ಬಲೆಯಲ್ಲಿ ಉಳಿದವಳು ನಾಗಕ್ಕ.

ಹಳೆಯ ಕಾಲ ಚೆನ್ನಾಗಿತ್ತು ಅಂತ ಹೇಳುವವಳು ನಾನಲ್ಲ. ಪಿಂಚಣಿ ಮನಿಯಾರ್ಡರಿನಲ್ಲಿ ಬರುತ್ತಿದ್ದಾಗ ನೋಟು ಎಣಿಸಿ ಕೊಡುವ ಕೈ ತನಗಿಷ್ಟು ಅಂತ ಮುರಿದುಕೊಂಡೇ ಕೊಡುತ್ತಿತ್ತು. ಖಾತೆಗೆ ನೇರ ಹಣ ಬಂದದ್ದು ಒಳ್ಳೆಯದೇ ಆಯಿತು. ನಮ್ಮ ಯಜಮಾನರು ಬ್ಯಾಂಕಿನಿಂದ ನಿವೃತ್ತರಾದವರು. ನವೆಂಬರ್ ಬಂತೆಂದರೆ ಸೋಫಾದಲ್ಲಿ ಕೂತು ಮೊಬೈಲಿನ ಮುಂದೆ ಕಣ್ಣು ಪಿಳುಕಿಸುತ್ತಾರೆ, ತಾವು ಬದುಕಿದ್ದೇವೆ ಅಂತ ದೆಹಲಿಗೆ ಗೊತ್ತಾಗುತ್ತದೆ. 2014ರಲ್ಲಿ ಬಂದ ಜೀವನ್ ಪ್ರಮಾಣ್ ಅವರಂಥವರ ಪಾಲಿಗೆ ನಿಜಕ್ಕೂ ವರ. ಆದರೆ ಆ ಸೌಕರ್ಯವೆಲ್ಲ ಮೊದಲೇ ಕಾಗದ ನೆಟ್ಟಗಿದ್ದವರಿಗೆ. ನಮ್ಮೆಜಮಾನರಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇತ್ತು, ಅದರಿಂದ ನೌಕರಿ, ನೌಕರಿಯಿಂದ ಪಿಂಚಣಿ, ಪಿಂಚಣಿಯಿಂದ ಈ ಕಣ್ಣು ಪಿಳುಕಿಸುವ ಸುಖ. ಅರವತ್ತಾದವರನ್ನು ದಾಖಲೆ ನೋಡಿ ಇಲಾಖೆಯೇ ಗುರುತಿಸಿ ಮನೆ ಬಾಗಿಲಿಗೆ ಮಾಸಾಶನ ಮುಟ್ಟಿಸುವ ಯೋಜನೆಯೂ ನಮ್ಮ ರಾಜ್ಯದಲ್ಲಿ ಬಂತು. ಒಳ್ಳೆಯ ಯೋಚನೆ. ದಾಖಲೆಯೇ ತಪ್ಪಿದ್ದರೆ ಬಾಗಿಲು ಯಾರದ್ದು ಅಂತ ಗೊತ್ತಾಗುವುದಾದರೂ ಹೇಗೆ?

ನನಗೆ ಅರ್ಥವಾಗದ್ದು ಇದು. ಇದೇ ಕಂದಾಯ ಇಲಾಖೆ ಯಜಮಾನ ಸತ್ತ ಮನೆಯಲ್ಲಿ ಜಮೀನು ಯಾರಿಗೆ ಸೇರಬೇಕು ಅಂತ ನೋಡುವಾಗ ಏನು ಮಾಡುತ್ತದೆ? ಊರಿಗೆ ಬರುತ್ತದೆ, ಅಕ್ಕಪಕ್ಕದವರನ್ನು ಕೇಳುತ್ತದೆ, ಮಹಜರು ಬರೆದು ಪಂಚರ ಸಹಿ ಹಾಕಿಸಿಕೊಳ್ಳುತ್ತದೆ, ವಂಶವೃಕ್ಷ ಕೊಡುತ್ತದೆ. ಎಕರೆಗಟ್ಟಲೆ ಆಸ್ತಿಗೆ ನೆರೆಮನೆಯವರ ಮಾತು ನಡೆಯುತ್ತದೆ. ನಾಗಕ್ಕನ 400 ರೂಪಾಯಿಗೆ ನಡೆಯುವುದಿಲ್ಲ. ಮತದಾರರ ಚೀಟಿ, ಮಗನ ಟಿಸಿ, ಐದು ಜನ ಹಿರಿಯರ ಹೇಳಿಕೆ ಇಟ್ಟುಕೊಂಡು ಒಂದು ಮಹಜರು ಮಾಡಿ, ವಯಸ್ಸು ಇಷ್ಟು ಅಂತ ತಹಶೀಲ್ದಾರರು ಬರೆಯಲಿ. ಸುಳ್ಳಾದರೆ ಸಹಿ ಹಾಕಿದವರನ್ನು ಹಿಡಿಯಿರಿ.

ಈ ಮಾತನ್ನು ನಮ್ಮ ಗ್ರಾಮ ಲೆಕ್ಕಿಗರ ಹತ್ತಿರ ಹೇಳಿದೆ. ಈಗ ಅವರ ಹುದ್ದೆಯ ಹೆಸರು ಗ್ರಾಮ ಆಡಳಿತ ಅಧಿಕಾರಿ. ಊರವರಿಗೆ ಇನ್ನೂ ಲೆಕ್ಕಿಗರೇ. ಸಣ್ಣ ವಯಸ್ಸಿನ ಹುಡುಗಿ, ಸ್ಕೂಟಿಯಲ್ಲಿ ಕಾಡು ಗುಡ್ಡ ಸುತ್ತುತ್ತಾಳೆ, ಮೊಬೈಲಿನಲ್ಲಿ ಒಂದು ರಾಶಿ ಆ್ಯಪ್. ಬೆಳೆ ಸಮೀಕ್ಷೆಯೂ ಅವಳೇ ನೋಡಬೇಕು, ಮಳೆಹಾನಿಯೂ ಅವಳೇ. ಅವಳು ಹೇಳಿದ್ದು ಇಷ್ಟು: 'ನಂಗೂ ಕಣ್ಣಿಲ್ವ ಆಂಟಿ? ಒಂದು ಕಾಲಂ ಕೊಡಲಿ, ನೋಡಿದ್ದನ್ನು ಬರೆದು ಸಹಿ ಹಾಕ್ತೀನಿ. ಕಾಲಮ್ಮೇ ಇಲ್ಲ.'

ಇಡೀ ವಾರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ. ಆಪರೇಟರಿಗೆ ಕಾಣುತ್ತದೆ, ಲೆಕ್ಕಿಗರಿಗೆ ಕಾಣುತ್ತದೆ, ಬೆಂಚಿನ ಮೇಲೆ ಕೂತವರಿಗೆಲ್ಲ ಕಾಣುತ್ತದೆ. ಕಂಡದ್ದನ್ನು ಬರೆಯುವ ಅಧಿಕಾರವನ್ನು ಮಾತ್ರ ಯಾರ ಕೈಯಲ್ಲೂ ಉಳಿಸಿಲ್ಲ. 1964ರಲ್ಲಿ ಇವರ ಮನೆ, ಗದ್ದೆ, ಮರಗಳನ್ನು ಎಣಿಸಿ ಬೆಲೆ ಕಟ್ಟಲು ಬಂದವರೂ ಸರ್ಕಾರದವರೇ. ತೆಂಗಿನ ಮರದ ಬುಡದಲ್ಲಿ ನಿಂತು ಇದು ಫಸಲಿನದು, ಇದು ಸಸಿ ಅಂತ ಬರೆದುಕೊಂಡರು. ಅದೇ ಮರದ ಬುಡದಲ್ಲಿ ತಮ್ಮನನ್ನು ಎತ್ತಿಕೊಂಡು ನಿಂತ ಹುಡುಗಿಗೆ ಎಷ್ಟು ವಯಸ್ಸು ಅಂತ ಕೇಳುವ ಕೆಲಸ ಅವರ ಪಟ್ಟಿಯಲ್ಲಿರಲಿಲ್ಲ.

ಗುರುವಾರ ತಹಶೀಲ್ದಾರರ ಹೆಸರಿಗೆ ಒಂದು ಅರ್ಜಿ ಬರೆದೆ. ಟಿಸಿ, ಚೀಟಿಯ ಜೆರಾಕ್ಸ್ ಲಗತ್ತಿಸಿದೆ. ಟವೆಲಿನವರು ಅವರೂರಿನ ಇಬ್ಬರನ್ನು ಸೇರಿಸಿಕೊಂಡು ಬಂದು ಸಾಕ್ಷಿ ಸಹಿ ಹಾಕಿದರು. ಅಷ್ಟು ದೂರದಿಂದ ಬಸ್ ಚಾರ್ಜು ಕೊಟ್ಟು ಬಂದಿದ್ದರು, ಚಹಾ ಕುಡಿಯಿರಿ ಅಂದರೆ ಒಪ್ಪಲಿಲ್ಲ. ಸಿಗಂದೂರು ಸೇತುವೆ ಆದಮೇಲೆ ಲಾಂಚಿಗೆ ಕಾಯುವುದು ತಪ್ಪಿದೆ, ಇಂಥದ್ದಕ್ಕೆಲ್ಲ ಬರುವುದು ಸಸಾರ ಅಂದರು. ಟಪಾಲು ವಿಭಾಗದ ಹೆಂಗಸು ಸೀಲು ಹೊಡೆದು ನಂಬರು ಬರೆದು, ಹದಿನೈದು ದಿನ ಬಿಟ್ಟು ವಿಚಾರಿಸಿ ಅಂದಳು. ಆಮೇಲೆ ಏನು ನೆನಪಾಯಿತೋ, ಎಲೆಕ್ಷನ್ ಬಂದರೆ ಸ್ವಲ್ಪ ತಡ ಆಗಬಹುದು ಅಂತಲೂ ಸೇರಿಸಿದಳು.

ಬಸ್ಸಿನಲ್ಲಿ ನಾಗಕ್ಕ ಬಹಳ ಹೊತ್ತು ಬೆರಳು ಮಡಚಿ ಏನೋ ಲೆಕ್ಕ ಹಾಕುತ್ತಿದ್ದಳು.

'ಆ ಕಾರ್ಡಿನ ಲೆಕ್ಕದಲ್ಲಿ ನಂಗೆ ಅರವತ್ತೈದು ಯಾವಾಗ ತುಂಬದು?'

'2029ರ ಜನವರಿ ಒಂದಕ್ಕೆ.'

'ಈ ಅರ್ಜಿಗೆ ಉತ್ತರ ಅದಕ್ಕಿಂತ ಮುಂಚೆ ಬತ್ತದನ?'